ಜುಜೆ ಮಾಮ ಕೈ ತೊಳೆದ ಕಲ್ಲು

ಪೂರ್ವಿ, ಸಮರ್ಥ, ಕಳೆದ ಭಾನುವಾರ ಮೌಳಂಗಿಯಿಂದ ಬಂದಮೇಲೆ ನಿಮ್ಮ ಆಯಿ ನಾನು ಯಾಕೆ ಮಾತಾಡುತ್ತಿಲ್ಲ ಎಂದು ನಿಮ್ಮ ಅವ್ವ ಕೇಳಿದಳು. ಕಾಲು ನೋವು ಎಂದೆ. ಕಾಲು ನೋಯುತ್ತಿದ್ದದ್ದು ನಿಜ. ಆದರೆ ಮಾತು ನಿಂತದ್ದು ಅದರಿಂದಲ್ಲ.

ಅಲ್ಲಿ ಹೊಳೆಯ ಅಂಚಿಗೆ ಒಂದು ಚಪ್ಪಟೆ ಕಲ್ಲಿದೆ. ಅದರ ಮುಂದೆ ಜನ ಪಾಳಿ ಹಚ್ಚಿ ನಿಂತಿದ್ದರು. ಒಬ್ಬೊಬ್ಬರಾಗಿ ಹೋಗಿ ಕುಕ್ಕರಗಾಲಿನಲ್ಲಿ ಕೂತು, ನೀರಿನಲ್ಲಿ ಕೈ ತೊಳೆದಂತೆ ಮಾಡಿ, ತಲೆ ಹೊರಳಿಸಿ ಹಲ್ಲು ಕಾಣುವಂತೆ ನಗುತ್ತಿದ್ದರು. ಎದುರಿಗಿದ್ದವರು ಫೋಟೊ ತೆಗೆಯುತ್ತಿದ್ದರು. ಸಮರ್ಥ, ನೀನೂ ಹೋಗಿ ಕೂತೆ. ಕೈ ತೊಳೆದೆ, ಹೊರಳಿ ನಕ್ಕೆ. "ಥೇಟ್ ಅವನಂಗ!" ಎಂದು ಪೂರ್ವಿ ಚಪ್ಪಾಳೆ ಹೊಡೆದಳು. ವಾಪಸು ಬರುವಾಗ ಗಾಡಿಯಲ್ಲಿ, "ಆ ಧಾರಾವಾಹಿದು ಎರಡನೇ ಭಾಗ ಬರ್ತೈತಂತ ಆಯಿ. ಅಂಥಾ ಕೊನಿ ಇನ್ನತನಕ ಯಾರೂ ತೋರ್ಸಿಲ್ಲಂತ. ಎಲ್ಲಾ ಹೊಸಾದಂತ" ಎಂದೂ ಹೇಳಿದಳು.

ಹೊಸದಂತೆ! ಆ ಮಾತಿಗೆ ಕೊಡಬೇಕಾದ ಉತ್ತರ ಇನ್ನೂ ನನ್ನ ಗಂಟಲಲ್ಲೇ ಇದೆ. ನಾನು ಎದುರು ಮಾತಾಡುವವಳಲ್ಲ. ನನ್ನ ತವರುಹಳ್ಳಿ ಇಂದೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಈಗಲೂ ಹಾಗೆಯೇ ಮಾಡುತ್ತಿದ್ದೇನೆ.

ಆ ಕಲ್ಲಿನ ಮೇಲೆ ಮೊದಲು ಕೂತು ಕೈ ತೊಳೆದವನು ಜುಜೆ. ನಿಮ್ಮನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಜುಜೆ ಮಾಮ. ಸಮರ್ಥನಿಗೆ ಅವನ ನೆನಪೇ ಇರಲಿಕ್ಕಿಲ್ಲ, ಆಗಷ್ಟೇ ಶಾಲೆಗೆ ಹಚ್ಚಿದ್ದೆವು. ಪೂರ್ವಿಗೆ ಹಳದಿ ಗಾಡಿ ನೆನಪಿರಬಹುದು, ಗಾಡಿ ಹೊಡೆಯುವವನ ಮುಖ ಮರೆತಿದೆ. ಮರೆತದ್ದರಿಂದಲೇ "ಥೇಟ್ ಅವನಂಗ" ಎಂದಳು. ಆ ಒಂದು ಮಳೆಗಾಲದಲ್ಲಿ ಏನಾಯಿತು ಎಂದು ನಿಮಗೆ ಯಾರೂ ಹೇಳಿಲ್ಲ. ನಾನು ಬರೆಯುತ್ತೇನೆ.

ಜುಜೆಯ ತಾಯಿ ಕ್ಲಾರಾಬಾಯಿ ನಿಮಗೆ ಗೊತ್ತು, ಕೌದಿಯ ಅಜ್ಜಿ. ಹಳಿಯಾಳದ ದಾರಿಯಲ್ಲಿ ಕಾಡಿನ ಅಂಚಿಗಿರುವ ಸಿದ್ದಿಯರ ಕೇರಿಯಿದೆ, ವಾಡೆ ಎನ್ನುತ್ತಾರೆ, ಅಲ್ಲಿ ಅವರ ಮನೆ. ಅವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು ಎನ್ನುತ್ತಾರೆ. ಹಾಗೆ ನೋಡಿದರೆ ನಿಮ್ಮ ಅಜ್ಜ ಧಾರವಾಡದ ಕಡೆಯಿಂದ ಕಾಗದದ ಗಿರಣಿಯ ಕೆಲಸಕ್ಕೆಂದು ದಾಂಡೇಲಿಗೆ ಬಂದದ್ದು ಮೊನ್ನೆ ಮೊನ್ನೆ. ಈ ಕಾಡಿಗೆ ಹೊಸಬರು ನಾವೇ. ಅಜ್ಜ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚದಲ್ಲಿ ಕ್ಲಾರಾಬಾಯಿಯ ಗಂಡ ಇದ್ದರು. ನಾವಿಬ್ಬರು ಹೆಂಗಸರು ಎರಡು ಮಂಚಗಳ ನಡುವಿನ ನೆಲದ ಮೇಲೆ ಅವಳ ಒಂದೇ ಕೌದಿ ಹೊದ್ದು ಮಲಗುತ್ತಿದ್ದೆವು. ಇಬ್ಬರೂ ಬರಿಗೈಯಲ್ಲಿ ಮನೆಗೆ ಬಂದೆವು. ಆಮೇಲಿನಿಂದ ಅವಳು ವಾರಕ್ಕೊಮ್ಮೆ ನಮ್ಮ ಮನೆಗೆ ಬಂದು ನನ್ನ ಜೊತೆ ಕೌದಿ ಹೊಲಿಯುತ್ತಾಳೆ. ನಾನು ಹೆಚ್ಚು ಮಾತಾಡುವುದಿಲ್ಲ ಎಂಬುದು ಅವಳಿಗೆ ಅನುಕೂಲ, ಅವಳೇ ಎಲ್ಲ ಮಾತಾಡಬಹುದು.

ಜುಜೆಯ ಗಾಡಿ ಓಣಿಗೆ ಬಂದಾಗ ಹಾರ್ನು ಎರಡು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ ಕೇಳುತ್ತಿತ್ತು. ಗಿಡ್ಡದ್ದು ಪೂರ್ವಿಗೆ. ಉದ್ದದ್ದು ಸಮರ್ಥನಿಗೆ, ಯಾಕೆಂದರೆ ನೀನು ಬೂಟು ಹಾಕಿಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಕಾಗುತ್ತಿತ್ತು. ಜುಜೆ ಎತ್ತರದ ಆಳು, ದನಿ ಮಾತ್ರ ತೆಳ್ಳಗೆ, ಹುಡುಗಿಯರ ದನಿಯ ಹಾಗೆ. ದಾರಿಯುದ್ದಕ್ಕೂ ಕೊಂಕಣಿ ಹಾಡು ಹೇಳುತ್ತಿದ್ದ. ನೀವು ಮನೆಗೆ ಬಂದು ಅರ್ಥವಿಲ್ಲದೆ ಅವನ್ನೇ ಹೇಳುತ್ತಿದ್ದಿರಿ.

ಆ ವರ್ಷ ಬೇಸಿಗೆ ರಜೆಯಲ್ಲಿ ಧಾರಾವಾಹಿಯ ಜನ ಬಂದರು. ಧಾರಾವಾಹಿಯ ಹೆಸರು ನಾನು ಬರೆಯುವುದಿಲ್ಲ, ಬರೆಯಲು ಕೈ ಬರುವುದಿಲ್ಲ. ಜೋಯಿಡಾದ ಕಾಡಿನಲ್ಲಿ ಹಳೆಯ ಬಂಗಲೆಯೊಂದನ್ನು ಹಿಡಿದಿದ್ದರು. ಶಾಲೆ ಇಲ್ಲದ ದಿನಗಳಾದ್ದರಿಂದ ಜುಜೆಯ ಗಾಡಿಯನ್ನು ಸಾಮಾನು ಸಾಗಿಸಲು ಕರೆದರು. ಎರಡನೆಯ ದಿನವೇ ಅವನನ್ನು ನೋಡಿ, ಗಾಡಿ ಬೇರೆಯವರು ಹೊಡೆಯಲಿ, ನೀನು ಕ್ಯಾಮೆರಾದ ಮುಂದೆ ಬಾ ಎಂದರಂತೆ. ಜುಜೆ ನಮ್ಮ ಕಟ್ಟೆಯ ಮೇಲೆ ಕೂತು ಅದನ್ನೆಲ್ಲ ಮಾಡಿ ತೋರಿಸಿದ್ದು ಇನ್ನೂ ಕಣ್ಣ ಮುಂದಿದೆ.

"ಮಳಿ ಇರಲಿಲ್ಲರೀ ಕಾಕು, ಟ್ಯಾಂಕರ್ ತರ್ಸಿ ಮಳಿ ಮಾಡಿದ್ರು. ನನ್ನ ಕೈಯಾಗ ಒಂದು ಕುಡಗೋಲ ಕೊಟ್ಟು ಗಿಡದ ಬುಡಕ ನಿಲ್ಸಿದ್ರು. ಅಲ್ಲಾಡಬ್ಯಾಡ ಅಂದ್ರು. ಆಮ್ಯಾಲೆ ಮೌಳಂಗಿಗೆ ಕರ್ಕೊಂಡು ಹೋಗಿ ಕೈ ತೊಳಿ ಅಂದ್ರು. ತೊಳದ್ನಿ. ಇನ್ನೊಮ್ಮೆ ಅಂದ್ರು, ಇನ್ನೊಮ್ಮೆ ತೊಳದ್ನಿ. ಹೊರಳಿ ನಗು ಅಂದ್ರು, ನಕ್ಕೆ. ಹುಟ್ಟಿದಾಗಿಂದ ನನ್ನ ಕೈ ಇಷ್ಟ ಸ್ವಚ್ಛ ಆಗಿದ್ದಿಲ್ಲ ನೋಡ್ರಿ!"

"ಕತಿ ಏನಪಾ?" ಎಂದು ಕೇಳಿದೆ.

"ನನಗ ಯಾರ ಹೇಳ್ಯಾರ? ಹೊಲದಾಗ ದುಡಿಯಾಂವ ಇರಬೇಕು. ಕುಡಗೋಲ ಕೊಟ್ಟಾರ ಅಂದ್ರ ಮತ್ತೇನ? ಹುಲ್ಲ ಕೊಯ್ದು, ಹೊಳ್ಯಾಗ ಕೈ ತೊಳ್ಕೊಂಡು, ನಕ್ಕೋತ ಮನಿಗೆ ಹೋಗಾಂವ."

ನನಗೂ ಕ್ಲಾರಾಬಾಯಿಗೂ ಅದು ಸರಿಯಾಗಿಯೇ ಕಂಡಿತು. ಕುಡಗೋಲು ಎಂದರೆ ನಮಗೆ ಹುಲ್ಲು, ಭತ್ತ. ಕೆಲಸ ಮುಗಿಸಿದವನು ಹೊಳೆಯಲ್ಲಿ ಕೈ ತೊಳೆಯುತ್ತಾನೆ. ಅದರಲ್ಲಿ ಬೇರೆ ಏನಾದರೂ ಇರಬಹುದೆಂದು ಯಾರ ತಲೆಗೆ ಹೊಳೆಯಬೇಕು?

ಶಾಲೆ ಶುರುವಾಗಿ, ಮಳೆ ಜೋರು ಹಿಡಿದು, ಆಷಾಢದ ಒಂದು ಶನಿವಾರ ಸಂಜೆ ಧಾರಾವಾಹಿ ಆರಂಭವಾಯಿತು. ಆ ಸಲದ ಮಳೆ ಹೇಗಿತ್ತೆಂದರೆ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎದುರುಮನೆಯ ಶೈಲಾಳ ಹತ್ತಿರ ಇನ್ವರ್ಟರ್ ಇದ್ದುದರಿಂದ ಓಣಿಯ ಹೆಂಗಸರು, ಮಕ್ಕಳು ಅವಳ ಮನೆಯಲ್ಲಿ ಸೇರಿದೆವು. ಶೈಲಾ ಬೆಳಗಾವಿ ಕಡೆಯ ಹುಡುಗಿ, ಬಾಯಿ ಜೋರು, ಮನಸ್ಸು ಒಳ್ಳೆಯದು. ಅವಳ ಮಗಳೂ ಜುಜೆಯ ಗಾಡಿಯಲ್ಲೇ ಹೋಗುತ್ತಿದ್ದಳು.

ಪತ್ತೇದಾರಿ ಕತೆ ನನಗೆ ಹೊಸದಲ್ಲ. ಗಿರಣಿಯ ಕ್ವಾರ್ಟರ್ಸಿನಲ್ಲಿ ಇದ್ದಾಗ ಅಜ್ಜನಿಗೆ ಅದೊಂದೇ ಹುಚ್ಚು. ಟಿವಿಗೆ ಒಂದೇ ಚಾನೆಲ್ ಬರುತ್ತಿದ್ದ ಕಾಲದಿಂದ ಹಿಡಿದು ಕೊನೆಯವರೆಗೆ ಒಂದನ್ನೂ ಬಿಟ್ಟವರಲ್ಲ. ಜಾಹೀರಾತು ಬರುವುದಕ್ಕೆ ಮುಂಚೆಯೇ, "ಇವನ ನೋಡ ಕೊಂದಾಂವ" ಎಂದು ಹೇಳಿಬಿಡುತ್ತಿದ್ದರು. "ಮೊದಲನೇ ದಿನ ಕ್ಯಾಮೆರಾ ಯಾರ ಮ್ಯಾಲೆ ಭಾಳ ಹೊತ್ತು ನಿಲ್ತೈತಿ, ಅವ ಅಲ್ಲ ಅಂತ ತಿಳ್ಕೊ. ಹೆಣದ ಮುಂದ ಎಲ್ಲಾರಕಿಂತ ಜೋರ ಅಳಾಂವ ಯಾರು, ಅವನ್ನ ಹಿಡಿ" ಎನ್ನುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಮನಸ್ಸಿನಲ್ಲೇ ನನ್ನ ಕೊಲೆಗಾರನನ್ನು ಆರಿಸಿಕೊಳ್ಳುತ್ತಿದ್ದೆ. ಎಷ್ಟೋ ಸಲ ನನ್ನದೇ ಸರಿಯಾಗುತ್ತಿತ್ತು. ಹೇಳುತ್ತಿರಲಿಲ್ಲ. ಹೇಳಿದರೆ ಅವರಿಗೆ ಆಟವೇ ಕೆಡುತ್ತಿತ್ತು.

ಹಾಗಾಗಿ ಮೊದಲ ಕಂತು ಮುಗಿಯುವ ಹೊತ್ತಿಗೆ ನನಗೆ ಮೈಯೆಲ್ಲ ಉರಿ. ಕಾಡಿನ ಊರಿಗೆ ವರ್ಗವಾಗಿ ಬಂದ ಪೊಲೀಸ್ ಹೆಂಗಸು, ಸತ್ತ ಮಗುವಿನ ಕನಸು ಕಂಡು ಗುಳಿಗೆ ನುಂಗುತ್ತಾಳೆ. ಅವಳನ್ನು ನಾನೂ ಅಜ್ಜನೂ ಹಿಂದೆಯೇ ನೋಡಿದ್ದೆವು. ಆಗ ಅವಳು ಗುಡ್ಡದ ಊರಿಗೆ ಬಂದಿದ್ದಳು. ಹೊಳೆಯಲ್ಲಿ ತೇಲಿಬರುವ ಒಕ್ಕಣ್ಣಿನ ಗೊಂಬೆ, ಅದು ಇನ್ನೊಂದು ಧಾರಾವಾಹಿಯದು. ಕುರುಡಿ ಮುದುಕಿಗೆ ಎಲ್ಲ ಮೊದಲೇ ಗೊತ್ತಾಗುವುದು ಮಗದೊಂದರದು. ಸತ್ತವಳು ಊರ ಶಾಲೆಯ ಮಾಸ್ತರಿಣಿ. ದೊಡ್ಡಮನೆಯಲ್ಲಿ ಅಣ್ಣ ತಮ್ಮ; ಅಣ್ಣನಾದವನು ಹೆಣದ ಮುಂದೆ ಬಿದ್ದು ಹೊರಳಾಡಿ ಅತ್ತ. ಇದಂತೂ ನಿಮ್ಮ ಅವ್ವ ನನ್ನ ಹೊಟ್ಟೆಯಲ್ಲಿದ್ದಾಗ ನಾವು ನೋಡಿದ ಕತೆ, ಅಳುವ ರಾಗವೂ ಅದೇ. ಆ ಹಳೆಯ ಕತೆಯಲ್ಲೂ ಮಳೆಯಲ್ಲಿ ಕುಡಗೋಲು ಹಿಡಿದು ಗಿಡದ ಕೆಳಗೆ ನಿಂತವನೊಬ್ಬನಿದ್ದ. ಜನ ಅವನನ್ನೇ ಕೊಲೆಗಾರ ಎಂದುಕೊಳ್ಳಲಿ ಎಂದು ನಿಲ್ಲಿಸಿದ್ದರು. ಕೊನೆಗೆ ಕೊಂದವನು ದೊಡ್ಡಣ್ಣ.

ಗಿಡದ ಕೆಳಗೆ ಜುಜೆ ಕಾಣಿಸಿದಾಗ ಮಕ್ಕಳು "ಜುಜೆ ಮಾಮ!" ಎಂದು ಕೂಗಿ ಕುಣಿದರು. ಜುಜೆ ಒಂದೇ ಒಂದು ಮಾತು ಆಡಿದ: "ಹೊಳೆಗೆ ನೀರು ಬಂದಿದೆ." ದನಿ ಅವನದಲ್ಲ. ಯಾರದೋ ಗಡಸು ದನಿ, ಬಾವಿಯ ತಳದಿಂದ ಬಂದ ಹಾಗೆ.

ನಾನು ತಡೆಯಲಾರದೆ, "ಇದೆಲ್ಲಾ ಹಳೇದ. ಒಂದೊಂದು ಕಡೀಂದ ಒಂದೊಂದು ಎತ್ಕೊಂಡು ಬಂದಾರ" ಎಂದೆ.

"ತರ್ಲಿ ಬಿಡ್ರಿ ಕಾಕು" ಎಂದಳು ಶೈಲಾ. "ನೀವು ಮಾಡೂ ಸಾರಿಗೆ ಮಸಾಲಿ ನೀವ ಹುಡುಕಿದ್ದೇನು? ರುಚಿ ಆದ್ರ ಸಾಕಿಲ್ಲ? ನಮ್ಮ ದಾಂಡೇಲಿ ಟಿವ್ಯಾಗ ಬರಾಕತ್ತೈತಿ, ಅದನ್ನ ನೋಡ್ರಿ. ಮುಂದಿಂದ ಮಾತ್ರ ಹೇಳಬ್ಯಾಡ್ರಿ ಮತ್ತ!"

ಎಲ್ಲರೂ ನಕ್ಕರು. ಅವಳ ಮಾತೂ ಪೂರ್ತಿ ತಪ್ಪಲ್ಲ ಎನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ನನಗೆ ಗೊತ್ತಿದ್ದ ಕತೆಯನ್ನು ನನಗೇ ಹೊಸದೆಂದು ತಿರುಗಿ ಬಡಿಸುತ್ತಿದ್ದರು, ಎಂಜಲನ್ನು ಬಿಸಿ ಮಾಡಿ ಕೊಟ್ಟ ಹಾಗೆ.

ಮೂರು ಶನಿವಾರ ಹೀಗೆಯೇ ಹೋಯಿತು. ಹಳಿಯಾಳದ ಸಂತೆಯಲ್ಲಿ ಜನ ಜುಜೆಯನ್ನು ತಡೆದು, "ಏ, ಹೊಳಿಗೆ ನೀರ ಬಂದೈತೇನೋ?" ಎನ್ನುತ್ತಿದ್ದರು. ಅವನೂ ದನಿ ಗಡಸು ಮಾಡಿ "ಬಂದೈತಿ!" ಎಂದು ನಗಿಸುತ್ತಿದ್ದ. ಕ್ಲಾರಾಬಾಯಿಗೆ ಮಾತ್ರ ಮೊದಲಿನಿಂದಲೂ ಸರಿಬರಲಿಲ್ಲ. "ನನ್ನ ಪುತಾನ ಬಾಯಾಗ ಯಾರದೋ ದನಿ ತುರುಕ್ಯಾರ, ಬಾಯಿ. ದನಿ ತಗೊಂಡ್ರ ಮನಶಾನ ಏನ ಉಳೀತು?" ಎಂದಳು. ಆ ಪಾತ್ರಕ್ಕೆ ಹೆಸರೂ ಇರಲಿಲ್ಲ. ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ "ಕಾಡಿನವ" ಎಂದಷ್ಟೇ ಇತ್ತು.

ನಾಲ್ಕನೆಯ ಶನಿವಾರ ತೋರಿಸಿದ್ದು ಶಾಲೆ. ಮಕ್ಕಳು ಮಗ್ಗಿ ಹೇಳುತ್ತಿದ್ದಾರೆ, ಹೊರಗೆ ಮಳೆ. ಕಿಟಕಿಯ ಸರಳಿನ ಆಚೆ ಜುಜೆಯ ಮುಖ. ಅವನ ಕಣ್ಣು ಒಂದು ಸಣ್ಣ ಹುಡುಗನ ಮೇಲೆ. ಸಂಗೀತ ಹೇಗೆ ಹಾಕಿದ್ದರೆಂದರೆ ನಾನೂ ಹಿಂದೆ ಸರಿದು ಕೂತೆ. ಅಷ್ಟಕ್ಕೂ ಆ ಡೋಲು ಸಿದ್ದಿಯರ ದಮಾಮಿಯದೇ. ವಾಡೆಯಲ್ಲಿ ಮದುವೆಗೆ, ಸುಗ್ಗಿಗೆ ಬಾರಿಸುವುದು. ಅದು ಕೇಳಿದರೆ ಮುದುಕಿ ಕ್ಲಾರಾಬಾಯಿಯೂ ಎದ್ದು ಕುಣಿಯುತ್ತಾಳೆ. ಅದನ್ನೇ ನಿಧಾನಕ್ಕೆ, ಒಂದೊಂದೇ ಪೆಟ್ಟು, ಭಯಕ್ಕೆ ಬಳಸಿದ್ದರು. ಸಮರ್ಥ, ನೀನು ನನ್ನ ತೊಡೆಯ ಮೇಲಿದ್ದೆ. ನನ್ನ ಸೆರಗಿನೊಳಗೆ ಮುಖ ಹುಗಿದವನು ಮನೆಗೆ ಬರುವವರೆಗೆ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಎರಡು ಗಿಡ್ಡ, ಒಂದು ಉದ್ದ ಹಾರ್ನು ಕೇಳಿತು. ಪೂರ್ವಿ ಓಡಿಹೋಗಿ ಹತ್ತಿದಳು. ಸಮರ್ಥ, ನೀನು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ಒದರಿದೆ. ಜುಜೆ ಇಳಿದು ಬಂದು, "ಯಾಕೋ ಸಾಹೇಬ, ಬೂಟ್ ಕಚ್ಚಾಕತ್ತಾವೇನ?" ಎಂದು ಕೈ ಚಾಚಿದ. ನೀನು ಅವನ ಕೈ ನೋಡಿ ಇನ್ನೂ ಜೋರು ಮಾಡಿದೆ. ಜುಜೆ ಕೈ ಹಿಂದೆ ತೆಗೆದುಕೊಂಡ. ಆ ಕೈ ಹಿಂದೆ ಹೋದದ್ದನ್ನು ನಾನು ನೋಡಿದೆ. ಅದನ್ನು ಮರೆಯುವುದು ನನ್ನಿಂದ ಆಗಿಲ್ಲ.

ನಿಮ್ಮ ಅವ್ವ ಸವಿತಾ ಒಂದು ವಾರ ಪ್ರಯತ್ನಪಟ್ಟಳು. ಆಮೇಲೆ ನಿಮ್ಮಿಬ್ಬರನ್ನೂ ಬೇರೆ ಗಾಡಿಗೆ ಹಾಕಿದಳು. ನಾನು ಮುಖ ಬಿಗಿದುಕೊಂಡದ್ದು ನೋಡಿ, "ಅವ್ವಾ, ನನಗೇನು ಜುಜೆನ ಮ್ಯಾಲೆ ಸಂಶಯ ಐತೇನ? ಹುಡುಗ ದಿನಾ ಹಾಸಗ್ಯಾಗ ಉಚ್ಚಿ ಹೊಯ್ಕೋತಾನ. ಈ ಮಳ್ಯಾಗ ಹಾಸಗಿ ಎಲ್ಲೆ ಒಣಗ್ಸಲಿ ಹೇಳು?" ಎಂದಳು. (ಸಮರ್ಥ, ಇದನ್ನು ಬರೆದೆನೆಂದು ಸಿಟ್ಟಾಗಬೇಡ.) ಶೈಲಾಳೂ ಅದನ್ನೇ ಹೇಳಿದಳು. ಮುಂದಿನ ಓಣಿಯ ತಾಯಂದಿರೂ ಅದನ್ನೇ ಹೇಳಿದರು. ಜುಜೆ ಕೆಟ್ಟವನೆಂದು ಒಬ್ಬರೂ ಅನ್ನಲಿಲ್ಲ. "ಮಕ್ಕಳು ಹೆದರ್ತಾವ, ನಾವೇನ ಮಾಡೂಣು?" ಎನ್ನುವುದು, ಇನ್ನೊಂದು ಗಾಡಿಯ ಡ್ರೈವರಿಗೆ ಫೋನು ಮಾಡುವುದು. ಯಾರೊಡನೆ ಜಗಳಾಡಬೇಕೆಂದು ತಿಳಿಯದೆ ಇರುವಂಥ ಸಂಕಟ ಬೇರೆ ಇಲ್ಲ. ಗಾಡಿಯ ಸೀಟುಗಳು ಒಂದೊಂದಾಗಿ ಖಾಲಿಯಾದವು. ಆದರೂ ಜುಜೆ ದಿನವೂ ಓಣಿಗೆ ಬಂದು ಹಾರ್ನು ಹೊಡೆದೇ ಹೋಗುತ್ತಿದ್ದ.

ಆ ವಾರ ಕ್ಲಾರಾಬಾಯಿ ಬಂದಾಗ ನಾವು ಹೊಲಿಯುತ್ತಿದ್ದದ್ದು ನಿಮ್ಮಿಬ್ಬರ ಕೌದಿ. ಅಜ್ಜನ ಅಂಗಿಗಳು, ನನ್ನ ಎರಡು ಇಳಕಲ್ ಸೀರೆ, ಅವಳ ಹೂವಿನ ಸೀರೆ, ಎಲ್ಲ ಹಳೆಯವು. ಅವಳು ಪ್ರತಿಯೊಂದು ತುಂಡನ್ನೂ ಬಾಗಿಲ ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಜಗ್ಗಿ ನೋಡಿದಮೇಲೆಯೇ ಹೊಲಿಗೆಗೆ ಇಡುತ್ತಿದ್ದಳು. ಜಗ್ಗಿದಾಗ ಪಿಸಿದದ್ದು ನೆಲ ಒರೆಸುವುದಕ್ಕೆ. ನಾನು ಧಾರಾವಾಹಿಯವರನ್ನು ಬೈಯುತ್ತಿದ್ದೆ. ಎಲ್ಲವನ್ನೂ ಕದ್ದಿದ್ದಾರೆ, ಗೊಂಬೆ ಕದ್ದಿದ್ದಾರೆ, ಮುದುಕಿ ಕದ್ದಿದ್ದಾರೆ ಎಂದು.

"ಗೊಂಬಿ ಕದೀಲಿ, ಮುದುಕೀನೂ ಕದೀಲಿ" ಎಂದಳು. "ಹಳೇ ಅರಿಬಿ ತಂದ್ರ ತಪ್ಪೇನೈತಿ? ನಾವಿಬ್ರೂ ಮತ್ತೇನ ಮಾಡಾಕತ್ತೇವಿ? ಆದ್ರ ಜಗ್ಗಿ ನೋಡಬೇಕು ಬಾಯಿ. ಪಿಸದದ್ದ ಹಚ್ಚಿದ್ರ ಅದನ್ನ ಹೊತ್ಕೊಂಡು ಮಲಗೂದು ಮಕ್ಕಳು."

ಅವಳು ಅಳಲಿಲ್ಲ. ಸೂಜಿಗೆ ದಾರ ಪೋಣಿಸಿದಳು. ಎರಡು ಸಲ ತಪ್ಪಿತು. ಅವಳ ಕೈಯಲ್ಲಿ ಸೂಜಿ ತಪ್ಪಿದ್ದನ್ನು ನಾನು ಅಂದೇ ನೋಡಿದ್ದು.

ಮರುದಿನ ಗಾಡಿ ನಿಲ್ಲುವ ಜಾಗದಲ್ಲಿ, ಕೊಡೆಗಳ ಕೆಳಗೆ ತಾಯಂದಿರೆಲ್ಲ ನಿಂತಿದ್ದಾಗ ನಾನು ಬಾಯಿ ಬಿಟ್ಟೆ. ನನ್ನ ದನಿ ನನಗೇ ಪರಕೀಯ ಎನಿಸಿತು. "ಜುಜೆ ಅದರಾಗ ಕೊಲಿ ಮಾಡಿಲ್ಲ. ದೊಡ್ಡಣ್ಣ ಮಾಡ್ಯಾನ. ಇದು ಹಳೇ ಕತಿ, ನಾ ನೋಡೇನಿ. ಕೊನೀಗೆ ನೀವೂ ನೋಡ್ತೀರಿ. ಮಕ್ಕಳಿಗೂ ತೋರ್ಸೂಣು. ಅವರಿಗೆ ಅಂಜಿಕಿ ಹೋಗ್ತೈತಿ."

ಎಲ್ಲರೂ ನನ್ನತ್ತ ತಿರುಗಿದರು. ಕಾಕು ಇಷ್ಟು ಮಾತಾಡಿದ್ದನ್ನು ಅವರು ಕಂಡಿರಲಿಲ್ಲ.

"ಮುಂದಿಂದ ಹೇಳಬ್ಯಾಡ್ರಿ ಅಂದ್ರ ಪೂರಾ ಕೊನೀನ ಹೇಳಿಬಿಟ್ರಲ್ಲ!" ಎಂದು ಶೈಲಾ ಹಣೆ ಬಡಿದುಕೊಂಡಳು. ಆಮೇಲೆ ನಗುತ್ತ, "ಆತ್ರಿ. ದೊಡ್ಡಣ್ಣನೇ ಕೊಂದಿದ್ರ ಸೋಮವಾರದಿಂದ ನನ್ನ ಮಗಳು ಜುಜೆನ ಗಾಡ್ಯಾಗ. ಉಳದವ್ರು?" ಎಂದಳು. ಉಳಿದವರೂ ಹೂಂ ಎಂದರು. ಅವರಿಗೂ ಅದೇ ಬೇಕಿತ್ತು ಎಂದು ನನಗೆ ಅನಿಸಿತು. ಹೊಸ ಗಾಡಿಯವನು ಮಕ್ಕಳನ್ನು ಕುರಿಗಳಂತೆ ತುಂಬುತ್ತಿದ್ದ.

ಅಲ್ಲಿಂದ ಮುಂದೆ ನನ್ನ ಪಾಡು ನೋಡಬೇಕಿತ್ತು. ನಕಲು, ನಕಲು ಎಂದು ಬೈದವಳು ನಾನೇ, ಈಗ ಪ್ರತಿ ಶನಿವಾರ ಟಿವಿಯ ಮುಂದೆ ಕೂತು, ನಕಲು ಮಾಡಿ, ಕೊನೆಯವರೆಗೆ ಬಿಡದೆ ನಕಲು ಮಾಡಿ ಎಂದು ಬೇಡಿಕೊಳ್ಳುತ್ತಿದ್ದೆ. ಹಳೆಯ ಕತೆಯಲ್ಲಿದ್ದ ಕಳೆದ ಉಂಗುರ ಇದರಲ್ಲೂ ಬಂದಾಗ ದೇವರಿಗೆ ಊದಿನಕಡ್ಡಿ ಹಚ್ಚಿದೆ. ದೊಡ್ಡಣ್ಣ ಪೊಲೀಸ್ ಹೆಂಗಸನ್ನು ಊಟಕ್ಕೆ ಕರೆದಾಗ, ಅಪ್ಪಟ ಹಳೆಯದೇ, ನನಗೆ ಹೋದ ಜೀವ ಬಂದ ಹಾಗಾಯಿತು. ಅಜ್ಜ ಇದ್ದಿದ್ದರೆ ಎಷ್ಟು ನಗುತ್ತಿದ್ದರೋ.

ಕೊನೆಯ ಕಂತಿನ ಸಂಜೆ ಕ್ಲಾರಾಬಾಯಿಯನ್ನೂ ಜುಜೆಯನ್ನೂ ಶೈಲಾಳ ಮನೆಗೆ ನಾನೇ ಕರೆದೆ. ಮಕ್ಕಳ ಮುಂದೆ ಅವನು ಕೂತಿರಲಿ, ಕತೆ ಮುಗಿದಾಗ ಅವರು ಅವನನ್ನು ನೋಡಲಿ ಎಂಬ ಆಸೆ. ಜುಜೆ ಶಾಲೆಯ ಗಾಡಿಯ ಖಾಕಿ ಅಂಗಿಯನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದ. ಬಾಗಿಲ ಬಳಿ, ಮಕ್ಕಳಿಂದ ದೂರ ಕೂತ. ಕ್ಲಾರಾಬಾಯಿ ಹಲಸಿನ ಹಪ್ಪಳ ತಂದಿದ್ದಳು. ಶೈಲಾ ಕರಿದು ಎಲ್ಲರಿಗೂ ಹಂಚಿದಳು.

ಎಲ್ಲ ನಾನು ಹೇಳಿದ ಹಾಗೆಯೇ ನಡೆಯಿತು. ಉಂಗುರ ಸಿಕ್ಕಿತು. ಗೊಂಬೆಯ ಹೊಟ್ಟೆಯೊಳಗಿನಿಂದ ದೊಡ್ಡಮನೆಯ ಬೀಗದ ಕೈ ಸಿಕ್ಕಿತು. ಪೊಲೀಸರು ಬಂದಾಗ ದೊಡ್ಡಣ್ಣ ಕುರ್ಚಿಯಿಂದ ಏಳದೆ ತಲೆ ತಗ್ಗಿಸಿದ. "ಅಯ್ಯ, ಕಾಕು ಅಂದಂಗ ಆತಲ್ಲ!" ಎಂದು ಶೈಲಾ ನನ್ನ ಬೆನ್ನಿಗೆ ಹೊಡೆದಳು. ಹೆಂಗಸರು ಜುಜೆಯ ಕಡೆ ನೋಡಿ ನಕ್ಕರು. ಸಮರ್ಥ, ನೀನು ಸೆರಗಿನಿಂದ ಮುಖ ತೆಗೆದು ಅವನನ್ನು ನೋಡಿದೆ. ಅವನು ನಿನಗೆ ಕಣ್ಣು ಹೊಡೆದ. ನೀನು ನಕ್ಕೆ. ನಕ್ಕಿದ್ದೆ, ನಾನು ನೋಡಿದ್ದೇನೆ.

ಆಮೇಲೆ ಜಾಹೀರಾತು ಬಂತು. ಜಾಹೀರಾತಿನ ನಂತರವೂ ಇನ್ನೂ ಸ್ವಲ್ಪ ಉಳಿದಿತ್ತು.

ಮೌಳಂಗಿಯ ಹೊಳೆ. ಚಪ್ಪಟೆ ಕಲ್ಲು. ಜುಜೆ ಕುಕ್ಕರಗಾಲಿನಲ್ಲಿ ಕೂತು ಕೈ ತೊಳೆಯುತ್ತಿದ್ದಾನೆ. ನೀರು ಕೆಂಪಾಗುತ್ತಿದೆ. ಪಕ್ಕದಲ್ಲಿ ಕುಡಗೋಲು, ಮಾಸ್ತರಿಣಿಯ ಬಳೆ. ದೊಡ್ಡಣ್ಣ ಸುಮ್ಮನೆ ಸಿಕ್ಕಿಬಿದ್ದ ಪಾಪದವನಂತೆ, ಕೊಂದದ್ದು ಕಾಡಿನವ. ಯಾಕೆ ಕೊಂದ ಎಂದು ಹೇಳಲಿಲ್ಲ. ಅದಕ್ಕೆ ಕಾರಣ ಬೇಕೆಂದೂ ಅವರಿಗೆ ಅನಿಸಲಿಲ್ಲ. ಜುಜೆ ತಲೆ ಹೊರಳಿಸಿ ನಕ್ಕ. ಡೋಲಿನ ಒಂದು ಪೆಟ್ಟು. ಮುಗಿಯಿತು.

"ಅಯ್ಯಯ್ಯ! ಏನ ಕೊನಿ ಕೊಟ್ರಪಾ! ಇದು ಹೊಸಾದ ನೋಡ್ರಿ ಕಾಕು, ಇದು ನಿಮಗೂ ಗೊತ್ತಿದ್ದಿಲ್ಲ!" ಎಂದು ಶೈಲಾ ಚಪ್ಪಾಳೆ ಹೊಡೆದಳು. ಹೊಡೆದ ಕೈ ಹಾಗೆಯೇ ನಿಂತಿತು. ಬಾಗಿಲ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

ಜುಜೆ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. "ಅವತ್ತ ಗಾಡಿ ಕೆಟ್ಟಿತ್ತರೀ. ಕೈಗೆಲ್ಲಾ ಡೀಸೆಲ್ ಹತ್ತಿತ್ತು. ಮೊದಲಿಗೆ ಅದಕ್ಕ ತೊಳಿ ಅನ್ನಾಕತ್ತಾರ ಅನ್ಕೊಂಡಿದ್ನಿ ನಾ" ಎಂದ, ತನ್ನ ತೆಳ್ಳನೆಯ ದನಿಯಲ್ಲಿ. ಯಾವುದೋ ಮಗು ಕಿಸಕ್ಕನೆ ನಕ್ಕಿತು. ಸಮರ್ಥ, ನೀನು ನನ್ನ ತೊಡೆಯಿಂದ ಇಳಿದು ಅಡುಗೆಮನೆಗೆ ಓಡಿದೆ.

ಶೈಲಾ ಚಹಾ ತಂದುಕೊಟ್ಟಳು. "ಟಿವ್ಯಾಗಿಂದು ಟಿವ್ಯಾಗ ಬಿಡ್ರಿ" ಎಂದಳು. ಜುಜೆ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು, ತಾಯಿಯನ್ನು ಕರೆದುಕೊಂಡು ಹೋದ. ಹಪ್ಪಳ ತಟ್ಟೆಯಲ್ಲಿ ಹಾಗೆಯೇ ಉಳಿದಿತ್ತು. ಸೋಮವಾರ ಯಾರೂ ಅವನ ಗಾಡಿ ಹತ್ತಲಿಲ್ಲ. ಮಾತು ಕೊಟ್ಟದ್ದನ್ನು ನನಗೆ ನೆನಪಿಸಲೂ ಆಗಲಿಲ್ಲ, ದೊಡ್ಡಣ್ಣ ಕೊಂದಿರಲಿಲ್ಲವಲ್ಲ. ಒಂದು ವಾರದ ನಂತರ ಹಾರ್ನೂ ನಿಂತಿತು. ಜುಜೆ ಸೀಟುಗಳನ್ನು ಬಿಚ್ಚಿಸಿ, ಹಳದಿ ಬಣ್ಣ ಅಳಿಸಿ, ಅನಮೋಡದ ದಾರಿಯಲ್ಲಿ ಗೋವೆಗೆ ಕಾಯಿಪಲ್ಲೆ ಸಾಗಿಸತೊಡಗಿದ. 

ಆಮೇಲೆ ಮೊಬೈಲಿನಲ್ಲಿ, ಪೇಪರಿನಲ್ಲಿ ಅದೇ ಹೊಗಳಿಕೆ. ಅಲ್ಲಲ್ಲಿ ಹಳೆಯ ಧಾರಾವಾಹಿಗಳ ನೆರಳಿದೆ, ಆದರೆ ಕೊನೆ ಮಾತ್ರ ಪೂರ್ತಿ ಹೊಸದು ಎಂದು. ಪೂರ್ವಿ, ನೀನು ಗಾಡಿಯಲ್ಲಿ ಹೇಳಿದ್ದು ಅದೇ ಮಾತು. ಈಗ ನನ್ನ ಉತ್ತರ ಕೇಳು. ಗೊಂಬೆ, ಉಂಗುರ, ಗುಳಿಗೆ ನುಂಗುವ ಪೊಲೀಸ್, ಇವೆಲ್ಲ ಕದ್ದದ್ದು ಹೌದು, ಇವುಗಳಿಂದ ಯಾರಿಗೂ ಏನೂ ಆಗಲಿಲ್ಲ. ನನಗೊಬ್ಬಳಿಗೆ ಬೇಜಾರಾಯಿತು, ಅಷ್ಟೇ. ಹೊಸದು ಎಂದು ನೀವೆಲ್ಲ ಚಪ್ಪಾಳೆ ಹೊಡೆಯುವ ಆ ಕೊನೆಯೇ ಎಲ್ಲಕ್ಕಿಂತ ಹಳೆಯದು. ಅದು ಯಾವ ಧಾರಾವಾಹಿಯಿಂದಲೂ ಬಂದದ್ದಲ್ಲ. ನಾನು ಚಿಕ್ಕವಳಿದ್ದಾಗ ಇಂದೂರಿನಲ್ಲಿ ಕೊಡ ಕಾಣೆಯಾದರೂ, ಕೋಳಿ ಕಾಣೆಯಾದರೂ ದೊಡ್ಡವರು ಮೊದಲು ಕಾಡಿನ ಜನರ ಕಡೆಗೇ ಬೆರಳು ಮಾಡುತ್ತಿದ್ದರು. ಕೊಡ ಬಾವಿಯ ತಳದಲ್ಲಿ ಸಿಕ್ಕಿದಮೇಲೂ ಆ ಬೆರಳು ತಪ್ಪಾಯಿತು ಎನ್ನುತ್ತಿರಲಿಲ್ಲ. ನಾನು ನೋಡಿದ ಹಳೆಯ ಧಾರಾವಾಹಿಯವರು ಕೊನೆಯಲ್ಲಿಯಾದರೂ ಆ ಬೆರಳನ್ನು ತಿರುಗಿಸಿದ್ದರು. ಇವರಿಗೆ ಅಷ್ಟನ್ನು ನಕಲು ಮಾಡಲೂ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಾರಾಬಾಯಿ ಮತ್ತೆ ಬಂದಳು. ಬರುವುದಿಲ್ಲ ಎಂದುಕೊಂಡಿದ್ದೆ. ಕೌದಿಯ ನಾಲ್ಕು ಮೂಲೆ ಬಾಕಿ ಇತ್ತು. ಅವರ ಪದ್ಧತಿಯಲ್ಲಿ ಮೂಲೆಗೆ ಮಡಿಕೆ ಮಡಿಕೆಯಾಗಿ ಬಟ್ಟೆಯ ಹೂ ಹೊಲಿಯುತ್ತಾರೆ, ಫುಲಾ ಎನ್ನುತ್ತಾರೆ. ಅದಿಲ್ಲದೆ ಕೌದಿಯನ್ನು ಯಾರ ಕೈಗೂ ಕೊಡುವುದಿಲ್ಲ. ಅವಳು ಚೀಲದಿಂದ ಒಂದು ಖಾಕಿ ಅಂಗಿ ತೆಗೆದಳು. ಬಾಗಿಲ ಬೆಳಕಿಗೆ ಹಿಡಿದಳು, ಎರಡೂ ಕೈಯಿಂದ ಜಗ್ಗಿದಳು.

"ಗಟ್ಟಿ ಐತಿ" ಎಂದಳು. ಕತ್ತರಿ ಹಾಕಿದಳು.

ಚಳಿಗಾಲದಲ್ಲಿ ನೀವು ಇಬ್ಬರೂ ಜಗಳಾಡಿ ಎಳೆದಾಡುವ ಕೌದಿ ಅದೇ. ಮೂಲೆಗಳಲ್ಲಿರುವ ಖಾಕಿ ಹೂ ಜುಜೆ ಮಾಮನ ಅಂಗಿ. ಇನ್ನೊಂದು ಮಾತು. ಬೆಳಿಗ್ಗೆ ನೀವು ಶಾಲೆಗೆ ತಯಾರಾಗುವಾಗ ಒಮ್ಮೊಮ್ಮೆ ದೊಡ್ಡ ರಸ್ತೆಯ ಕಡೆಯಿಂದ ಹಾರ್ನು ಕೇಳುತ್ತದೆ, ಎರಡು ಗಿಡ್ಡ, ಒಂದು ಉದ್ದ. "ಯಾವನೋ ಹುಚ್ಚ" ಎಂದು ಸಮರ್ಥ ನಗುತ್ತಾನೆ. ಗೋವೆಯಿಂದ ಖಾಲಿ ಗಾಡಿ ತರುವ ಜುಜೆ ಮಾಮನೇ ಅವನು. ಓಣಿಯ ಒಳಗೆ ಬರುವುದಿಲ್ಲ. ನೀನು ಈಗ ಬೂಟು ಬೇಗ ಹಾಕಿಕೊಳ್ಳುತ್ತೀಯ ಎಂಬುದು ಅವನಿಗೆ ಗೊತ್ತಿಲ್ಲ. ಉದ್ದದ ಹಾರ್ನನ್ನು ಇನ್ನೂ ಅಷ್ಟೇ ಹೊತ್ತು ಹೊಡೆಯುತ್ತಾನೆ. ಮುಂದಿನ ಸಲ ಕೇಳಿದಾಗ ಓಡಿ ಹೋಗಿ ರಸ್ತೆಯ ಅಂಚಿಗೆ ನಿಂತು ಕೈ ಎತ್ತಿ. ಅವನೂ ಕೈ ಎತ್ತುತ್ತಾನೆ. ಆ ಕೈಯನ್ನು ಸರಿಯಾಗಿ ನೋಡಿ.

ಈ ಹಾಳೆಗಳನ್ನು ಆ ಕೌದಿಯ ಮಡಿಕೆಯೊಳಗೆ, ಖಾಕಿ ಮೂಲೆಯ ಹತ್ತಿರ ಇಡುತ್ತಿದ್ದೇನೆ. ಎರಡನೇ ಭಾಗ ಬರಲಿ, ಮೂರನೆಯದೂ ಬರಲಿ, ನೀವು ನೋಡಿ, ಬೇಡ ಎನ್ನುವುದಿಲ್ಲ. ನೋಡುವ ಮೊದಲು ಇದನ್ನು ಒಮ್ಮೆ ತೆಗೆದು ಓದಿ. ಓದಿದಮೇಲೆ ಅಲ್ಲಿಯೇ ಇಟ್ಟುಬಿಡಿ. ಮಳೆಗಾಲದಲ್ಲಿ ಮುಗ್ಗಲು ಹಿಡಿಯದಂತೆ ಕೌದಿಯ ಜೊತೆ ಇವನ್ನೂ ಬಿಸಿಲಿಗೆ ಹಾಕಿ. ಕಳೆಯಬೇಡಿ.